ಉಣ್ಣೆಯ ಪೇಟೆಯಲ್ಲಿ ಒಂದು ದಿನ

ಹೋದ ವರ್ಷ ಜೂನ್ ತಿಂಗಳಲ್ಲಿ ನಾನೂ ನಮ್ಮ ಮನೆಯವರೂ ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಲಂಡನ್ನಿನ ವಿಷಯ ಬಹಳ ಜನ ಬರೆದಿದ್ದಾರೆ. ನಾನು ಹೇಳಬೇಕೆಂದಿರುವುದು ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಸಣ್ಣ ಊರಿನ ವಿಷಯ. ಅಕ್ಕಲಕೋಟೆಯಲ್ಲಿ ನಲವತ್ತು ವರ್ಷ ಬಟ್ಟೆ ಅಳೆದವನಿಗೆ ಅದು ಪರರ ಊರು ಅನ್ನಿಸಲಿಲ್ಲ.

'ಚಿಪ್ಪಿಂಗ್' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಪೇಟೆ. ಮನೆಗಳೆಲ್ಲ ಬೆಲ್ಲದ ಬಣ್ಣದ ಕಲ್ಲಿನವು. ಆ ಕಾಟ್ಸ್‌ವೋಲ್ಡ್ ಗುಡ್ಡಗಳ ಕುರಿಯ ಉಣ್ಣೆ ಒಂದು ಕಾಲಕ್ಕೆ ಇಟಲಿಯವರೆಗೂ ಹೋಗುತ್ತಿತ್ತು. 1401ರಲ್ಲಿ ತೀರಿಕೊಂಡ ವಿಲಿಯಂ ಗ್ರೆವೆಲ್ ಎಂಬ ಉಣ್ಣೆ ವ್ಯಾಪಾರಿಯ ಹಿತ್ತಾಳೆಯ ಫಲಕ ಅಲ್ಲಿಯ ಚರ್ಚಿನಲ್ಲಿದೆ. ಇಂಗ್ಲೆಂಡಿನ ಉಣ್ಣೆ ವರ್ತಕರಲ್ಲೆಲ್ಲ ಈತ ಹೂವಿನಂಥವನು ಎಂದು ಅದರಲ್ಲಿ ಲ್ಯಾಟಿನ್ನಿನಲ್ಲಿ ಕೊರೆದಿದ್ದಾರೆ. ನಮ್ಮ ಬಸದಿಗಳ ಶಾಸನಗಳಲ್ಲಿ ಬರುವ ಸೆಟ್ಟಿಗಳು ನೆನಪಾದರು.

ಬೀದಿಯ ನಡುವೆ 1627ರ ಸಂತೆಕಟ್ಟೆಯಿದೆ. ಮೇಲೆ ಮಾಡು, ಸುತ್ತ ಕಮಾನು, ಕೆಳಗೆ ತುಳಿದು ಸವೆದ ಕಲ್ಲುಹಾಸು. ಇದನ್ನು ಕಟ್ಟಿಸಿದ ಬ್ಯಾಪ್ಟಿಸ್ಟ್ ಹಿಕ್ಸ್ ಲಂಡನ್ನಿನ ಬಟ್ಟೆ ವ್ಯಾಪಾರಿ. ರಾಜನಿಗೇ ಸಾಲ ಕೊಟ್ಟವನು. 1940ರ ದಶಕದಲ್ಲಿ ಕಟ್ಟೆ ಅಮೆರಿಕದವರ ಪಾಲಾಗುವುದರಲ್ಲಿತ್ತು. ಊರವರು ವಂತಿಗೆ ಕೂಡಿಸಿ ಉಳಿಸಿಕೊಂಡು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಈಗ ಅಲ್ಲಿ ಬೆಣ್ಣೆಯಿಲ್ಲ, ಕೋಳಿಯಿಲ್ಲ, ನಮ್ಮಂಥ ಪ್ರವಾಸಿಗರೇ.

ನಾವೂ ಅಲ್ಲಿಯೇ ಕೂತು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಆಗ ಮಗ ಕೇಳಿದ: "ಅಪ್ಪಾ, ಅಂಗಡಿದು ಏನು ವಿಚಾರ ಮಾಡೀರಿ? ನಾನಂತೂ ತಿರುಗಿ ಬರೂದಿಲ್ರಿ."

ಎರಡು ವರ್ಷದಿಂದ ಫೋನಿನಲ್ಲಿ ಕೇಳುತ್ತಿದ್ದ ಮಾತೇ. ನಾನು ಚಟ್ನಿ ಹಾಕಿಕೊಂಡೆ. ನಮ್ಮ ಮನೆಯವರು ಕಮಾನು ನೋಡುತ್ತ ಕುಳಿತರು.

ಮೇಲಕ್ಕೆ ನಡೆದರೆ, 1612ರಲ್ಲಿ ಅದೇ ಹಿಕ್ಸ್ ಕಟ್ಟಿಸಿದ ಹನ್ನೆರಡು ಮನೆಗಳ ಸಾಲು. ಆರು ಜನ ಬಡ ಮುದುಕರಿಗೆ, ಆರು ಜನ ಮುದುಕಿಯರಿಗೆ. ಇಂದಿಗೂ ವೃದ್ಧರು ವಾಸವಾಗಿದ್ದಾರೆ. ಅಜ್ಜಿಯೊಬ್ಬರು ಹೂವಿಗೆ ನೀರು ಹಾಕುತ್ತಿದ್ದರು. ಅಲ್ಲೇ ಹತ್ತಿರ ಅವನು ತನಗಾಗಿ ಕಟ್ಟಿಸಿದ ಅರಮನೆಯಂಥ ಮನೆ 1645ರಲ್ಲಿ ಅಂತರ್ಯುದ್ಧದ ಕಾಲಕ್ಕೆ ಸುಟ್ಟುಹೋಯಿತು. ಉಳಿದದ್ದು ಹೆಬ್ಬಾಗಿಲು, ಒಂದೆರಡು ಚಿಕ್ಕ ಕಟ್ಟಡ. ನಾನು ಆ ಮನೆಗಳ ಎದುರು ಬಹಳ ಹೊತ್ತು ನಿಂತೆ.

ಮೈಲಿಯಷ್ಟು ದೂರದ ಬ್ರಾಡ್ ಕ್ಯಾಂಪ್ಡನ್ನಿನಲ್ಲಿ ಆನಂದ ಕುಮಾರಸ್ವಾಮಿಯವರು ಇದ್ದ ಮನೆಯನ್ನು ಹೊರಗಿನಿಂದಲೇ ನೋಡಿದೆವು. ಮುಂದೆ ಬಾಸ್ಟನ್ನಿನಲ್ಲಿದ್ದು 1924ರಲ್ಲಿ ಜೈನ ಚಿತ್ರಗಳ ಸೂಚಿ ಪ್ರಕಟಿಸಿದ ಪಂಡಿತರು ಇವರೇ. ಷೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್ ಹನ್ನೆರಡು ಮೈಲಿ; ಅಲ್ಲಿ ಜನಜಂಗುಳಿ, ಬೇಗ ಹೊರಟೆವು. ಆ ದೇಶದಲ್ಲಿ ಜೂನಿನ ಸೂರ್ಯ ಒಂಬತ್ತೂವರೆಗೆ ಮುಳುಗುವುದರಿಂದ ನಮ್ಮ ಸಂಜೆಯ ಊಟಕ್ಕೆ ಯಾವ ತೊಂದರೆಯೂ ಇರಲಿಲ್ಲ!

ಕಾರಿನಲ್ಲಿ ನಾನೇ ಹೇಳಿದೆ: "ಅಂಗಡಿ ಮಾರೋಣು. ಹಿಂದಿನ ಎರಡು ಖೋಲಿ ಮಾತ್ರ ಬ್ಯಾಡ."

ಆ ಖೋಲಿಗಳಲ್ಲಿ ನಮ್ಮ ಹಳೆಯ ಗುಮಾಸ್ತರೂ ಅವರ ಹೆಂಡತಿಯೂ ಇದ್ದಾರೆ. ಮೂವತ್ತೈದು ವರ್ಷದ ಚಾಕರಿ, ಮಕ್ಕಳಿಲ್ಲ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ರೇಟು ಕಡಿಮಿ ಬರತದ್ರಿ" ಅಂದ.

ದೀಪಾವಳಿಯಾದ ಮೇಲೆ ಖರೀದಿ ಪತ್ರವಾಯಿತು. ರೇಟು ಕಡಿಮೆಯೇ ಬಂತು.