ಗಾಳದ ಕೋಲು

ವಿರಾಜಪೇಟೆಯ ಮಳೆಗಾಲವು ಒಂದು ದಿನದ ಮಟ್ಟಿಗೆ ಬಂದು ನಾಲ್ಕು ತಿಂಗಳು ಉಳಿದ ನಂಟನ ಹಾಗೆ. ಮಲೆತಿರಿಕೆ ಬೆಟ್ಟ ಮೋಡದ ಮುಸುಕಿನಿಂದ ಹೊರಗೆ ಬರುವುದಿಲ್ಲ. ಒಗೆದ ಬಟ್ಟೆ ಒಲೆಯ ಮೇಲಿನ ಅಟ್ಟದಲ್ಲಲ್ಲದೆ ಬೇರೆಲ್ಲಿಯೂ ಒಣಗುವುದಿಲ್ಲ. ಉಪ್ಪು ಭರಣಿಯಲ್ಲಿಯೇ ನೀರಾಗುತ್ತದೆ. ಇಂಥ ದಿನಗಳಲ್ಲಿ ಆ ಊರಿನ ಒಂದು ಮನೆಯ ಜಗಲಿಯಲ್ಲಿ, ಎಪ್ಪತ್ತರ ಸಮೀಪಕ್ಕೆ ಬಂದ ಒಬ್ಬ ಗೃಹಸ್ಥರು ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕುಳಿತು, ಬೆರಳಿಗಿಂತ ಸಣ್ಣಗಾದ ಬಿದಿರಿನ ಕೋಲಿಗೆ ರೇಷ್ಮೆಯ ದಾರವನ್ನು ಸುತ್ತುತ್ತಿರುವುದನ್ನು ದಾರಿಹೋಕರು ಕಾಣಬಹುದು. ಸುತ್ತಿನ ಪಕ್ಕದಲ್ಲಿ ಸುತ್ತು, ಕೂದಲೆಳೆಯಷ್ಟೂ ಎಡೆಯಿಲ್ಲದಂತೆ. ಒಂದು ಸುತ್ತು ತಪ್ಪಿದರೆ ಹತ್ತು ಬಿಚ್ಚುತ್ತಾರೆ. ಕಾಫಿ ತಣ್ಣಗಾಗುತ್ತದೆ. ಒಳಗಿನಿಂದ ಎರಡು ಸಲ ಕರೆ ಬಂದು, ಮೂರನೆಯ ಸಲ ಬಾರದೆ ನಿಂತುಹೋಗುತ್ತದೆ.

ನೆರೆಯವರಿಗೆ ಇದು ಬಗೆಹರಿಯದ ಒಗಟು. ಗಾಳದ ಕೋಲು ಮಾಡುವವರು ಮೀನು ತರಬೇಕಷ್ಟೆ? ಈ ಮನೆಗೆ ಮೀನು ಬರುವುದು ಸಂತೆಯಿಂದ. ಅದಲ್ಲದೆ ಕೊಡಗಿನಲ್ಲಿ ಮೀನು ಹಿಡಿಯಲು ಇಷ್ಟು ಪರಿಕರವೂ ಬೇಕಾಗಿಲ್ಲ. ಮುಂಗಾರಿನ ಮೊದಲ ಕೆನ್ನೀರು ಇಳಿದೊಡನೆ ಮೀನು ಹೊಳೆಯಿಂದ ತೋಡಿಗೂ ತೋಡಿನಿಂದ ಗದ್ದೆಗೂ ತಾನಾಗಿ ಏರಿ ಬರುತ್ತದೆ; ಗದ್ದೆಯ ಬದುವಿನ ಕಂಡಿಗೆ ಬಿದಿರಿನ ಕೂಳಿಯನ್ನು ಒಡ್ಡಿ ಮಲಗಿದರೆ ಬೆಳಗ್ಗೆ ಸಾರಿಗಾಯಿತು. ಹುಡುಗರ ಗಾಳವೆಂದರೆ ಬೇಲಿಯಲ್ಲಿ ಕಡಿದ ಒಂದು ಎಳೆಬಿದಿರು, ಎರಡು ಮಾರು ದಾರ, ಒಂದು ಎರೆಹುಳು. ಅದರಲ್ಲಿ ಬೀಳುವ ಕೆಂಡೆಮೀನಿಗೆ ಅಷ್ಟೇ ಸಾಕು.

ಆದರೆ ಕಾವೇರಿಯ ಆಳದ ಮಡುಗಳಲ್ಲಿ ಬೇರೊಂದು ಮೀನು ಇತ್ತು. ತೀರದವರು ಬಿಳಿಮೀನೆನ್ನುವ, ದೊರೆಗಳ ಪುಸ್ತಕಗಳಲ್ಲಿ ಮಹಶೀರ್ ಎಂದು ಬರೆದಿರುವ ಮೀನು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬವರು ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ತಮ್ಮ ಗಾಳದ ಗ್ರಂಥದಲ್ಲಿ ಇದಕ್ಕೇ ಅಗ್ರಸ್ಥಾನವನ್ನು ಕೊಟ್ಟರು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು ೧೨೦ ಪೌಂಡು ತೂಗಿತು. ಗಾಳದಿಂದ ಹಿಡಿದ ಮಹಶೀರುಗಳಲ್ಲಿ ಬಹುಕಾಲ ಅದನ್ನೇ ದಾಖಲೆಯೆಂದು ಎಣಿಸುತ್ತಿದ್ದರು. ಇಂಥ ಮೀನು ಕೊಕ್ಕೆ ಕಚ್ಚಿದೊಡನೆ ಬಂಡೆಗಳ ನಡುವೆ ಇಳಿಜಾರಿಗೆ ಧಾವಿಸುತ್ತದೆ. ಬೇಲಿಯ ಬಿದಿರಾದರೆ ಮೊದಲ ಎಳೆತಕ್ಕೇ ಗಿಣ್ಣಿನಲ್ಲಿ ಸೀಳುತ್ತದೆ; ಕಬ್ಬಿಣದಂಥ ಬಿಗಿ ಕೋಲಾದರೆ ದಾರ ತುಂಡಾಗುತ್ತದೆ. ಕೋಲು ಬಾಗಬೇಕು, ಬಾಗಿದ್ದು ಮರಳಬೇಕು. ಬುಡದಿಂದ ತುದಿಯವರೆಗೆ ಒಂದೊಂದು ಗೇಣಿನಲ್ಲಿಯೂ ಎಷ್ಟು ಬಾಗತಕ್ಕದ್ದೋ ಅಷ್ಟೇ ಬಾಗಬೇಕು. ಕೋಲಿನ ಗುಣವೆಲ್ಲ ಅದು ಸಣ್ಣಗಾಗುತ್ತ ಹೋಗುವ ಕ್ರಮದಲ್ಲಿದೆ. ಅದನ್ನು ಕೈಯಿಂದ ಸಾಧಿಸಬೇಕೆಂಬುದೇ ಆ ಗೃಹಸ್ಥರ ಹಂಬಲ. ಅದರ ಮೂಲ ಮಾತ್ರ ಹಂಬಲವಲ್ಲ, ಒಂದು ಸಾಲ.

ಅವರ ತಂದೆಗೆ ಒಂದು ಸೀಳುಬಿದಿರಿನ ಕೋಲಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ತೋಟವನ್ನು ಮಾರಿ ಊರಿಗೆ ಹೊರಟ ಒಬ್ಬ ಆಂಗ್ಲ ತೋಟಗಾರನು ಕೊಟ್ಟುಹೋದದ್ದು. ಮೂರು ತುಂಡು, ಹಿತ್ತಾಳೆಯ ಕೀಲು, ಒಟ್ಟು ೧೦ ಅಡಿ, ಜೇನಿನ ಬಣ್ಣ. ತಂದೆ ಮಿತಭಾಷಿ, ಭಾನುವಾರ ಬೇತ್ರಿಯ ಬಳಿ ಕಾವೇರಿಗೆ ಹೋಗಿ ಸಂಜೆ ಮರಳುತ್ತಿದ್ದರು. ಆ ಕೋಲನ್ನು ಒರೆಸಿ, ಬಟ್ಟೆಯ ಚೀಲದಲ್ಲಿರಿಸಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕುವಾಗ ಮಾತ್ರ ಅವರ ಮುಖದಲ್ಲಿ ಒಂದು ಸಡಿಲತೆ ಕಾಣುತ್ತಿತ್ತು. ಮಗನು ಹದಿನಾರರ ಪ್ರಾಯದಲ್ಲಿ, ಕೇಳದೆ, ಗೆಳೆಯರ ಸಂಗಡ ಅದನ್ನು ಒಯ್ದನು. ಕೊಕ್ಕೆ ಬಂಡೆಗೆ ಸಿಕ್ಕಿತು. ದಾರವನ್ನು ಕತ್ತರಿಸುವ ಬದಲು ಕೋಲನ್ನೇ ಎತ್ತಿ ಜಗ್ಗಿದನು. ತುದಿಯ ತುಂಡು ನಡುವೆ ಮುರಿಯಿತು. ತಂದೆ ಗದರಲಿಲ್ಲ, ಮುರಿದ ಎರಡು ಭಾಗವನ್ನೂ ಚೀಲದಲ್ಲಿಟ್ಟು ಅದೇ ಮೊಳೆಗೆ ತೂಗುಹಾಕಿದರು. ಅನಂತರ ಅವರು ಹೊಳೆಗೆ ಹೋಗಲಿಲ್ಲ. ಗದರಿದ್ದರೆ ಪ್ರಾಯಶಃ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಮಗನು ಉದ್ಯೋಗದಿಂದ ನಿವೃತ್ತನಾಗಿ ಊರಿಗೆ ಬಂದಾಗ ತಂದೆ ಇರಲಿಲ್ಲ, ಚೀಲ ಇತ್ತು. ಹೊಸ ತುದಿಯೊಂದನ್ನು ಮಾಡಿಬಿಡುವುದೆಂದು ಕೆಲಸ ಹಿಡಿದರು. ತಿಂಗಳಲ್ಲಿ ಮುಗಿಯುವುದೆಂದು ಎಣಿಸಿದ್ದರು.

ಮುರಿದ ತುಂಡನ್ನು ಬಿಸಿನೀರಿನ ಹಬೆಗೆ ಹಿಡಿದಾಗ ಅಂಟು ಬಿಟ್ಟು ಅದು ಆರು ಎಳೆಗಳಾಗಿ ಬಿಚ್ಚಿಕೊಂಡಿತು. ಒಂದೊಂದರ ಅಡ್ಡಕೊಯ್ತವೂ ಸಮಭುಜ ತ್ರಿಕೋಣ. ಆರು ತ್ರಿಕೋಣಗಳ ಮೊನೆಗಳು ನಡುವೆ ಕೂಡಿ, ಬಿದಿರಿನ ಸಿಪ್ಪೆಯ ಮೈ ಸುತ್ತಲೂ ಹೊರಗೆ ಬರುವಂತೆ ಜೋಡಿಸಿದ್ದ ಷಡ್ಭುಜ. ಬಿದಿರಿನ ಬಲವೆಲ್ಲ ಹೊರಪದರದ ನಾರಿನಲ್ಲಿದೆ. ಒಳಭಾಗ ಬರಿಯ ಮೆತ್ತೆ. ಬಲವಿಲ್ಲದ್ದನ್ನು ಕಳೆದು ಬಲವಿದ್ದುದನ್ನು ಆರು ಕಡೆಯಿಂದ ಕೂಡಿಸುವ ಈ ಉಪಾಯವನ್ನು ಕಂಡು ಅವರು ಆ ರಾತ್ರಿ ಬಹು ಹೊತ್ತು ನಿದ್ರಿಸಲಿಲ್ಲವಂತೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬಿದಿರನ್ನು ಸೀಳಿ ಅಂಟಿಸಿ ಅಮೆರಿಕದಲ್ಲಿ ಇಂಥ ಕೋಲು ಮಾಡಿದವರಲ್ಲಿ ಮೊದಲಿಗನೆಂದು ಹೆಸರಾದವನು ಪೆನ್ಸಿಲ್ವೇನಿಯದ ಸ್ಯಾಮ್ಯುಯಲ್ ಫಿಲಿಪ್. ಅವನ ಕಸುಬು ಬಂದೂಕು ಮಾಡುವುದು. ಕೊಡಗಿನವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಹಾಗೆಂದು ಗಾಳದ ವಿನೋದ ಪಡುವಣದಿಂದಲೇ ಬಂದದ್ದೆನ್ನಲಾಗದು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಉಂಟು, ದಾರ, ಕೊಕ್ಕೆ, ಮೀನಿನ ಜಾತಿ, ಜಾತಿಗೆ ತಕ್ಕ ಆಮಿಷ ಎಲ್ಲವನ್ನೂ ಆ ದೊರೆ ವಿವರಿಸುತ್ತಾನೆ.

ಗೃಹಸ್ಥರನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದು. ಇಂಥ ಕೋಲುಗಳಿಗೆ ಅಮೆರಿಕ ಇಂಗ್ಲೆಂಡುಗಳವರು ಮೊದಲು ಬಳಸಿದ್ದು ‘ಕಲ್ಕತ್ತೆಯ ಬಿದಿರು’. ಕಲ್ಕತ್ತೆ ಹಡಗು ಹತ್ತಿದ ಊರು ಮಾತ್ರ. ಬಿದಿರು ನಮ್ಮ ಒಣಕಾಡುಗಳ ಗಂಡು ಬಿದಿರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಹಿಂದೆ ತಳ್ಳಿ ‘ಟಾಂಕಿನ್ ಬಿದಿರು’ ಬಂದಿತು. ಅದೂ ಟಾಂಕಿನ್ನಿನದಲ್ಲ, ಚೀನದ ಗ್ವಾಂಗ್‌ಡಾಂಗ್ ಪ್ರಾಂತದ್ದು. ಹೆಸರಿನ ಮಟ್ಟಿಗೆ ಎರಡೂ ಸುಳ್ಳೇ. ಗಿಣ್ಣಿನಿಂದ ಗಿಣ್ಣಿಗೆ ದೂರ ಹೆಚ್ಚು, ಗಿಣ್ಣಿನ ಉಬ್ಬು ಕಡಮೆ, ನಾರು ದಟ್ಟ. ಆದಕಾರಣ ಕುಶಲಿಗಳು ಚೀನದ್ದನ್ನು ಮೆಚ್ಚಿದರು. ೧೯೫೦ರಲ್ಲಿ ಅಮೆರಿಕವು ಚೀನದ ಸರಕನ್ನು ನಿಷೇಧಿಸಿದಾಗ ಅದೂ ನಿಂತಿತು. ಆ ವೇಳೆಗೆ ಗಾಜಿನ ನಾರಿನ ಕೋಲು ಬಂದಿದ್ದಿತು, ೧೯೭೦ರ ದಶಕದಲ್ಲಿ ಇಂಗಾಲದ ನಾರಿನದು. ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಅಂಥವೇ. ಹಗುರ, ಗಟ್ಟಿ, ಅಗ್ಗ. ಬಿದಿರಿನ ಕೋಲಿಗೆ ಅವುಗಳೆದುರು ವಾದವೇ ಇಲ್ಲವೆಂದು ಗೃಹಸ್ಥರೇ ಒಪ್ಪುತ್ತಾರೆ. ಹಾಗಿದ್ದರೂ, ತಂದೆಯ ಕೋಲಿಗೆ ಚೀನದಿಂದ ಬಿದಿರು ತರಿಸುವ ಬದಲು ತಿತಿಮತಿಯ ಕಡೆ ಪರಿಚಿತರೊಬ್ಬರ ತೋಟದಂಚಿನಿಂದ ಗಂಡು ಬಿದಿರನ್ನೇ ತಂದರು. ೨೦೧೭ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ಕಾನೂನಿನ ಕಣ್ಣಿಗೆ ಮರವಲ್ಲದಂತಾದುದು ಇಲ್ಲಿ ನೆರವಿಗೆ ಬಂತು. ತ್ರಿಕೋಣದ ಗಾಡಿಯುಳ್ಳ ಅಚ್ಚಿಗೆ ಬೀಟೆ ಬೇಕಾಯಿತು. ಕೊಡಗಿನಲ್ಲಿ ಬಾಣೆಯ ಬೀಟೆ ಯಾರದೆಂಬ ವ್ಯಾಜ್ಯ ಹಳೆಯದು. ಅವರು ಆ ಗೊಡವೆಗೆ ಹೋಗದೆ ಅಜ್ಜಿಯ ಮುರಿದ ಮಂಚದ ಪಟ್ಟಿಯನ್ನು ತೆಗೆದುಕೊಂಡರು.

ಮೊದಲ ವರ್ಷದ ಬಿದಿರನ್ನು ಹುಳು ತಿಂದಿತು. ಹೊರಗೆ ಗುಂಡುಸೂಜಿಯ ಮೊನೆಯಷ್ಟು ತೂತು, ಒಳಗೆ ಹಿಟ್ಟು. ಊರಿನ ಮೇದರ ಮುದುಕನೊಬ್ಬನು ನೋಡಿ, ಯಾವ ತಿಂಗಳಲ್ಲಿ ಕಡಿದದ್ದೆಂದು ಮಾತ್ರ ಕೇಳಿದನು. ಮಳೆಯಲ್ಲಿ, ಮೊಳಕೆ ಏಳುವ ಕಾಲದಲ್ಲಿ. ಅವನು ತಲೆಯಾಡಿಸಿದನು. ಚಳಿಗಾಲದಲ್ಲಿ, ಕೃಷ್ಣಪಕ್ಷದಲ್ಲಿ, ಮೂರು ವರ್ಷ ದಾಟಿದ ಗಳುವನ್ನು ಕಡಿದು ಹರಿಯುವ ತೋಡಿನಲ್ಲಿ ಮುಳುಗಿಸಿಡಬೇಕೆಂದನು. ಬಿದಿರಿನೊಳಗಿನ ಪಿಷ್ಟವೇ ಹುಳುವಿನ ಆಹಾರ, ನೀರಿನಲ್ಲಿ ನೆನೆದರೆ ಅದು ಕರಗಿ ಹೋಗುತ್ತದೆಯೆಂಬ ಶಾಸ್ತ್ರವನ್ನು ಗೃಹಸ್ಥರು ಪುಸ್ತಕದಲ್ಲಿ ಓದಿದ್ದರು; ಆದರೆ ಓದಿದ್ದು ಹುಳು ತಿಂದ ಮೇಲೆ. ಕೃಷ್ಣಪಕ್ಷದ ವಿಚಾರದಲ್ಲಿ ಅವರಿಗೆ ಇಂದಿಗೂ ಸಂಶಯವಿದೆ. ಆದರೂ ಶುಕ್ಲಪಕ್ಷದಲ್ಲಿ ಕಡಿಯುವುದಿಲ್ಲ.

ಎರಡನೆಯ ವರ್ಷ ಎಳೆಗಳು ಸಿದ್ಧವಾದುವು, ಅಂಟು ಕೈಕೊಟ್ಟಿತು. ಜೂನಿನಲ್ಲಿ ಅಂಟಿಸಿದ ಕೋಲು ನೋಡಲು ಸೊಗಸಾಗಿದ್ದು, ಆಗಸ್ಟಿನಲ್ಲಿ ನೀರು ಕುಡಿದ ಹುರಿಯಂತೆ ತಿರುಚಿಕೊಂಡಿತು. ಆಗ ತಿಳಿದದ್ದೆಂದರೆ ಈ ಕೆಲಸಕ್ಕೆ ಕೊಡಗಿನ ಪಂಚಾಂಗವೇ ಬೇರೆಯೆಂಬುದು. ಕಡಿಯುವುದು ಪುತ್ತರಿಯ ತರುವಾಯ. ಸೀಳುವುದು, ಗಿಣ್ಣನ್ನು ದೀಪದ ಉರಿಗೆ ಕಾಸಿ ನೇರಮಾಡುವುದು, ಎಳೆಗಳನ್ನು ೧೮೦ ಡಿಗ್ರಿಯ ಆಸುಪಾಸಿನಲ್ಲಿ ಒಲೆಯೊಳಗೆ ಹದವಾಗಿ ಹುರಿದು ತೇವವನ್ನು ಓಡಿಸುವುದು, ಕೀಸುಳಿ ಹಿಡಿಯುವುದು, ಅಂಟಿಸುವುದು, ಇವೆಲ್ಲ ಕಾಫಿಯ ಹೂಮಳೆಗೆ ಮುಂಚೆ ಮುಗಿಯಬೇಕು. ಒಣ ದಿನಗಳಲ್ಲಿಯೇ ಮೊದಲ ವಾರ್ನಿಷಿನ ಲೇಪವೂ ಕೂಡಬೇಕು. ಮಳೆಗಾಲಕ್ಕೆ ಉಳಿಯುವುದು ಉಂಗುರಗಳಿಗೆ ರೇಷ್ಮೆ ಸುತ್ತುವ ಕೆಲಸವೊಂದೇ. ಜಗಲಿಯಲ್ಲಿ ದಾರಿಹೋಕರು ಕಾಣುವುದು ಈ ಕೊನೆಯ ಅಂಕವನ್ನು.

ಎಲ್ಲಕ್ಕಿಂತ ಕಷ್ಟ ಕೀಸುವುದು. ಸಿಪ್ಪೆಯ ಮೈಯನ್ನು ಮುಟ್ಟಕೂಡದು. ಉಳಿದ ಎರಡು ಮೈಗಳನ್ನೇ ತಿರುಗಿಸಿ ತಿರುಗಿಸಿ ೬೦ ಡಿಗ್ರಿಗೆ ತರಬೇಕು. ತುದಿಯಲ್ಲಿ ಆರು ಎಳೆ ಕೂಡಿದರೆ ಎರಡು ಮಿಲಿಮೀಟರಿನಷ್ಟು ದಪ್ಪ. ಹಾಗಾದರೆ ಒಂದು ಎಳೆಯ ಎತ್ತರ ಒಂದು ಮಿಲಿಮೀಟರು. ಅಲ್ಲಿ ಅಂಗುಲದ ಸಾವಿರದಲ್ಲೊಂದು ಪಾಲು ಹೆಚ್ಚುಕಡಮೆಯಾದರೂ ಕೋಲಿನ ಬಾಗು ಬದಲಾಗುತ್ತದೆ. ಗಂಡು ಬಿದಿರಿಗೆ ಗಿಣ್ಣು ಹತ್ತಿರ ಹತ್ತಿರ. ಆರು ಎಳೆಗಳ ಗಿಣ್ಣು ಒಂದೇ ಮಟ್ಟಕ್ಕೆ ಬಾರದಂತೆ ಹಿಂದುಮುಂದಾಗಿ ಜೋಡಿಸುವುದು ಒಂದು ಲೆಕ್ಕವೇ ಸರಿ. ಕೀಸುಳಿ ಗಿಣ್ಣಿನ ಮೇಲೆ ಹಾಯುವಾಗ ಒಂದು ಚಿಕ್ಕ ಸದ್ದು ಆಗುತ್ತದೆ. ನಾರು ಎದ್ದಿತೋ ಇಲ್ಲವೋ ಎಂಬುದು ಆ ಸದ್ದಿನಲ್ಲಿಯೇ ತಿಳಿಯುವುದೆನ್ನುತ್ತಾರೆ. ನಾಲ್ಕು ವರ್ಷಗಳಲ್ಲಿ ಹನ್ನೊಂದು ತುದಿಗಳು ಹೀಗೆ ಸೌದೆಯ ಪಾಲಾದುವು. ಮನೆಯಾಕೆ ಅವುಗಳಿಂದ ಅವರೆಯ ಬಳ್ಳಿಗೆ ಚಪ್ಪರ ಹಾಕಿದರು. ಚಪ್ಪರ ಮಾತ್ರ ಬಹಳ ಚೆನ್ನಾಗಿ ಬಾಗುತ್ತದೆ.

ಹನ್ನೆರಡನೆಯದು ಕೂಡಿತು. ತಂದೆಯ ಹಿತ್ತಾಳೆಯ ಕೀಲಿಗೆ ಅದನ್ನು ಸೇರಿಸಿ, ತುದಿಗೆ ತೂಕ ಕಟ್ಟಿ, ಬಾಗಿದ ಕೋಲಿನ ನೆರಳನ್ನು ಗೋಡೆಯ ಮೇಲೆ ಬಿಡಿಸಿ ನೋಡಿದರು. ಹಳೆಯ ಎರಡು ತುಂಡುಗಳ ರೇಖೆಯಿಂದ ಹೊಸದರ ರೇಖೆಗೆ ಹಾಯುವಲ್ಲಿ ಕಣ್ಣಿಗೆ ಎಡವಿದ ಗುರುತು ಕಾಣಲಿಲ್ಲ. ಬಣ್ಣ ಮಾತ್ರ ಬೇರೆ. ಜೇನಿನ ಬಣ್ಣಕ್ಕೆ ಬರಲು ಇನ್ನು ಐವತ್ತು ವರ್ಷ ಬೇಕು.

ಆದರೆ ಕೋಲು ಸಿದ್ಧವಾಗುವಷ್ಟರಲ್ಲಿ ಮೀನಿನ ಕಥೆ ಬೇರೆಯಾಗಿತ್ತು. ತಂದೆಯ ಕಾಲದ ಕಾವೇರಿಯ ದೊಡ್ಡ ಬಿಳಿಮೀನಿಗೆ ಬೆನ್ನು ಗೂನು, ರೆಕ್ಕೆ ಕಿತ್ತಳೆಯ ಬಣ್ಣ. ೧೯೭೦ರ ದಶಕದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಮರಿಮಾಡಿದ, ರೆಕ್ಕೆ ನೀಲಿಯಾದ ಮತ್ತೊಂದು ಜಾತಿಯನ್ನು ಸದುದ್ದೇಶದಿಂದಲೇ ಈ ನದಿಗೆ ಬಿಡಲಾಯಿತು. ಸಿಡಿಮದ್ದು, ಅಣೆಕಟ್ಟು, ಮರಳು ತೆಗೆಯುವುದು ಇವೂ ತಮ್ಮ ಪಾಲಿನ ಕೆಲಸ ಮಾಡಿದುವು. ನೀಲಿ ರೆಕ್ಕೆಯದು ಹೆಚ್ಚಿತು, ಕಿತ್ತಳೆಯದು ಕಾಣದಾಯಿತು. ಇದನ್ನು ತೋರಿಸಿಕೊಟ್ಟದ್ದು ಗಾಳದವರ ದಿನಚರಿಯೇ ಎಂಬುದು ಗಮನಿಸತಕ್ಕ ಮಾತು. ಕಾವೇರಿಯ ಕೆಳಹರಿವಿನ ಗಾಲಿಬೋರೆಯಲ್ಲಿ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟಿದ್ದರು. ವಿಜ್ಞಾನಿಗಳು ಆ ಪುಟಗಳನ್ನು ಓದಿ ೨೦೧೫ರಲ್ಲಿ ಅಪಾಯವನ್ನು ಪ್ರಕಟಿಸಿದರು. ೨೦೧೮ರಲ್ಲಿ ಆ ಗೂನು ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ನಾಮವು ನಿಶ್ಚಯವಾಯಿತು. ಅದೇ ವರ್ಷ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಸಿಕ್ಕಿದ ವರ್ಷವೇ ಮರಣಶಯ್ಯೆಯ ಚೀಟಿಯೂ ಬಂತೆನ್ನಬೇಕು. ಕೊಡಗಿನಲ್ಲಿ ವಾಲ್ನೂರಿನ ಬಳಿ ವನ್ಯಜೀವಿ ಸಂಘದವರು ಹೊಳೆಯ ಒಂದು ಭಾಗವನ್ನು ಕಾಯ್ದು, ಹಿಡಿದ ಮೀನನ್ನು ಬಿಡತಕ್ಕದ್ದೆಂಬ ಕಟ್ಟಳೆ ಮಾಡಿದ್ದುಂಟು. ಅಲ್ಲಿಯೂ ಬಹುಮಟ್ಟಿಗೆ ದೊರೆತದ್ದು ನೀಲಿಯದೇ.

ಇಂಥ ಕೋಲನ್ನು ಯಾತಕ್ಕೆ ಮಾಡಿದಿರಿ ಎಂದು ಕೇಳಿದವರಿಗೆ ಗೃಹಸ್ಥರು ನೇರವಾಗಿ ಉತ್ತರ ಕೊಡುವುದಿಲ್ಲ. ಈಚೆಗೆ ಎರಡು ಮೂರು ಮಂದಿ ತರುಣರು ತಮಗೂ ಒಂದೊಂದು ಬೇಕೆಂದು ಬಂದಿದ್ದಾರೆ. ಹಣ ತೆಗೆದುಕೊಳ್ಳುವುದಿಲ್ಲ; ಬದಲಿಗೆ ಪ್ರತಿಯೊಬ್ಬನ ಕೈಯ ಅಳತೆ, ತೋಳಿನ ಉದ್ದ, ನಿಲ್ಲುವ ಭಂಗಿ ಇವನ್ನು ಬರೆದುಕೊಂಡು, ಒಂದು ಗೆರೆ ಹಾಕಿದ ಪುಸ್ತಕವನ್ನು ಕೊಡುತ್ತಾರೆ. ಅದರಲ್ಲಿ ತಾರೀಖು, ಸ್ಥಳ, ಮೀನಿನ ಉದ್ದ, ತೂಕ. ಕೊನೆಯ ಅಂಕಣ ರೆಕ್ಕೆಯ ಬಣ್ಣಕ್ಕೆ.

ತಂದೆಯ ಕೋಲನ್ನು ಅವರು ಹೊಳೆಗೆ ಒಯ್ದದ್ದು ಫೆಬ್ರವರಿಯ ಒಂದು ಬೆಳಗ್ಗೆ. ಅನುಮತಿ ಪಡೆದು, ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ, ಕಾವೇರಿಯ ಗಾಳದವರ ವಾಡಿಕೆಯಂತೆ ರಾಗಿಯ ಮುದ್ದೆಯನ್ನು ಕಟ್ಟಿ, ಬೇತ್ರಿಯ ಮೇಲ್ಭಾಗದ ಒಂದು ಬಂಡೆಯ ಮೇಲೆ ನಿಂತರು. ಬಿಸಿಲೇರುವವರೆಗೆ ಏನೂ ಇಲ್ಲ. ಬಳಿಕ ದಾರ ಬಿಗಿಯಾಯಿತು. ಕೋಲು ತುದಿಯಿಂದ ನಡುವಿಗೆ, ನಡುವಿನಿಂದ ಬುಡಕ್ಕೆ ಬಾಗಿತು, ಸದ್ದಿಲ್ಲ, ಸೀಳಿಲ್ಲ. ಐದು ನಿಮಿಷಗಳ ಮೇಲೆ ಮೀನು ಆಳವಿಲ್ಲದ ನೀರಿಗೆ ಬಂತು. ಒಂದೂವರೆ ಗೇಣಿನ ಮರಿ. ಕೈಯನ್ನು ನೀರಿನಲ್ಲಿ ತೋಯಿಸಿಕೊಂಡು, ಮೀನನ್ನು ನೀರಿನಿಂದ ಎತ್ತದೆಯೇ ಓರೆಮಾಡಿ, ಕನ್ನಡಕವನ್ನು ಸರಿಪಡಿಸಿಕೊಂಡು ರೆಕ್ಕೆಯನ್ನು ನೋಡಿದರು. ಕೊಕ್ಕೆ ಬಿಡಿಸಿದರು. ಅದು ಕ್ಷಣಕಾಲ ಅವರ ಅಂಗೈಯ ಮೇಲೆಯೇ ನಿಂತು, ಬಾಲವನ್ನು ಬೀಸಿ ಮಡುವಿಗೆ ಇಳಿಯಿತು.

ಕೋಲನ್ನು ಬಿಚ್ಚಿ, ಒಂದೊಂದು ತುಂಡನ್ನೂ ಒಣಬಟ್ಟೆಯಿಂದ ಒರೆಸಿ ಚೀಲಕ್ಕೆ ಸೇರಿಸಿದ ಮೇಲೆ, ಬಂಡೆಯ ಮೇಲೆಯೇ ಕುಳಿತು ಪುಸ್ತಕವನ್ನು ತೆರೆದು ಕೊನೆಯ ಅಂಕಣದಲ್ಲಿ ‘ನೀಲಿ’ ಎಂದು ಬರೆದರು. ಅದರ ಕೆಳಗಿನ ಸಾಲಿಗೆ ಕ್ರಮಸಂಖ್ಯೆ ೨ ಎಂದು ಹಾಕಿ ಖಾಲಿ ಬಿಟ್ಟರು.