ಲಂಗದ ಬಟ್ಟೆಯ ಸಿಂಗಪುರ ಷರ್ಟು

ರೆಸಾರ್ಟ್ ಅಂದ ಕೂಡಲೇ ನಮ್ಮ ಕನ್ನಡಿಗರಿಗೆ ನೆನಪಾಗೋದು ಒಂದೇ. ಸರ್ಕಾರ ಅಲ್ಲಾಡಿದಾಗ ಶಾಸಕರನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ಕೂಡಿಹಾಕುವ ಜಾಗ! ಅಲ್ಲಿಗೆ ಹೋಗುವವರದು ಬಿಳಿ ಷರ್ಟು, ಬಿಳಿ ಪಂಚೆ. ಫ್ಯಾಷನ್ನಿಗೆ ಅಲ್ಲೇನೂ ಕೆಲಸವಿಲ್ಲ. ಹಾಗಾಗಿ ಮೊನ್ನೆ ನನ್ನ ಮಗ ಮೊಬೈಲು ಹಿಡಿದು ಬಂದು, "ಅಪ್ಪಾ, ಇದು ರೆಸಾರ್ಟ್ ಕಲೆಕ್ಷನ್ನು, ಇದು ಕ್ರೂಸ್ ಕಲೆಕ್ಷನ್ನು, ನೋಡು" ಅಂದಾಗ ನಾನು ಮೊದಲು ನಕ್ಕುಬಿಟ್ಟೆ. ನೋಡ್ತಾ ನೋಡ್ತಾ ನಗು ನಿಂತುಹೋಯಿತು. ಯಾಕೆ ಅಂತೀರಾ? ಹೇಳ್ತೀನಿ ಕೇಳಿ.

ಕ್ರೂಸ್ ಅಂದರೆ ಹಡಗಿನ ವಿಹಾರ. ಯೂರೋಪು, ಅಮೆರಿಕದ ಸಿರಿವಂತರು ಚಳಿಗಾಲ ಬಂತು ಅಂದರೆ ಹಡಗು ಹತ್ತಿ ಬಿಸಿಲಿರುವ ಊರಿಗೆ ಹೋಗುತ್ತಿದ್ದರು. ಊರಲ್ಲಿ ಹಿಮ, ಹೋಗುವ ಕಡೆ ಬಿಸಿಲು. ಅವರಿಗಾಗಿ ಚಳಿಗಾಲದ ನಡುವೆಯೇ ತೆಳು ಬಟ್ಟೆ ಹೊಲಿಯಬೇಕಾಯಿತು. ಪ್ಯಾರಿಸ್ಸಿನ ಕೊಕೊ ಶನೆಲ್ ಎಂಬಾಕೆ 1913ರಲ್ಲಿ ದೋವಿಲ್ ಎಂಬ ಸಮುದ್ರ ತೀರದ ಊರಲ್ಲಿ ಅಂಗಡಿ ತೆರೆದು, ಅಲ್ಲಿಯವರೆಗೆ ಒಳಉಡುಪಿಗೆ ಬಳಸುತ್ತಿದ್ದ ಜರ್ಸಿ ಬಟ್ಟೆಯಲ್ಲಿ ಶ್ರೀಮಂತರ ಹೆಂಗಸರಿಗೆ ಉಡುಪು ಹೊಲಿದು ಮಾರಿದಳು. ಈಗ ಹಡಗು ಹತ್ತುವವರು ಯಾರೋ, ಬಿಡುವವರು ಯಾರೋ, ಹೆಸರು ಮಾತ್ರ ಉಳಿದಿದೆ. ಮೇ ತಿಂಗಳ ಹೊತ್ತಿಗೆ ಪ್ರದರ್ಶನ, ವರ್ಷದ ಕೊನೆಗೆ ಅಂಗಡಿಗೆ.

ನನ್ನ ಅಭಿಪ್ರಾಯ ಕೇಳಿದರೆ ಬಟ್ಟೆ ಚೆನ್ನಾಗಿದೆ. ಗಾಳಿಯಾಡುವ ಪ್ಯಾಂಟು, ಅಗಲ ಟೋಪಿ, ಪಟ್ಟೆ ಬನಿಯನ್ನಿನಂಥ ಅಂಗಿ. (ಆ ಪಟ್ಟೆ ಅಂಗಿ ಮೊದಲು ಫ್ರಾನ್ಸಿನ ನಾವಿಕರದು, ದುಡಿಯುವವರದು!) ಆದರೆ ಹಾಕಿಕೊಂಡು ನಡೆಯುವ ಆ ಹುಡುಗ ಹುಡುಗಿಯರ ಮುಖ ನೋಡಿ. ವಿಹಾರಕ್ಕೆ ಹೊರಟವರ ಮುಖವಲ್ಲ, ಹೊಸದುರ್ಗದ ಕೊನೇ ಬಸ್ಸು ತಪ್ಪಿದವರ ಮುಖ.

2022ರ ಮೇ ತಿಂಗಳಲ್ಲಿ ಗುಚ್ಚಿ ಕಂಪನಿಯವರು ಇಟಲಿಯ ಕ್ಯಾಸ್ಟೆಲ್ ಡೆಲ್ ಮಾಂಟೆ ಎಂಬ 13ನೇ ಶತಮಾನದ ಕೋಟೆಯ ಮುಂದೆ ರಾತ್ರಿ ಹೊತ್ತು ತಮ್ಮ ಕ್ರೂಸ್ ಉಡುಪು ತೋರಿಸಿದರು. ಅದಕ್ಕೂ ಮುಂಚೆ, 2016ರ ಮೇ ತಿಂಗಳಲ್ಲಿ, ಶನೆಲ್ ಕಂಪನಿ ಕ್ಯೂಬಾ ದೇಶದ ಹವಾನಾ ನಗರದ ಪ್ರಾಡೋ ಬೀದಿಯಲ್ಲೇ ಪ್ರದರ್ಶನ ನಡೆಸಿತ್ತು. ಅತಿಥಿಗಳು ಬಣ್ಣಬಣ್ಣದ ಹಳೇ ಅಮೆರಿಕನ್ ಕಾರುಗಳಲ್ಲಿ ಬಂದಿಳಿದರು. ಆ ಬೀದಿಯ ಜನ? ಅವರನ್ನು ಪೊಲೀಸರು ತಡೆದು ನಿಲ್ಲಿಸಿದ್ದರು. ಮಹಡಿ ಮೇಲಿನ ಬಾಲ್ಕನಿಗಳಲ್ಲಿ ನಿಂತು ಬಗ್ಗಿ ಬಗ್ಗಿ ನೋಡಿದರು. ಮಗ ಬಟ್ಟೆ ನೋಡುತ್ತಿದ್ದ, ನಾನು ಬಾಲ್ಕನಿ ನೋಡುತ್ತಿದ್ದೆ. ಯಾಕೆಂದರೆ, ಚಿತ್ರರಸಿಕ ಮಿತ್ರರೇ, ನಾನೂ ಹಾಗೆ ನಿಂತವನೇ.

1972. ಚಿತ್ರದುರ್ಗದಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಶೂಟಿಂಗು. ನಮ್ಮ ತಳುಕಿನ ತ.ರಾ.ಸು. ಕಾದಂಬರಿ, ನಮ್ಮ ಕಲ್ಲಿನ ಕೋಟೆ, ಆದರೆ ನಾವು ಹಗ್ಗದ ಈಚೆ! ಅತ್ತೆ ಮನೆಗೆ ಬಂದಿದ್ದ ನನಗೆ ಹತ್ತು ವರ್ಷ. ಯಾರದೋ ಹೆಗಲ ಸಂದಿಯಿಂದ ಕಂಡದ್ದು ಒಂದು ತೋಳು, ಒಂದು ಛತ್ರಿ, ಅಷ್ಟೆ. ವಿಷ್ಣುವರ್ಧನ್ ಅಂತ ಒಬ್ಬ ಹೊಸ ಹುಡುಗ ಅಂದರು. ವರ್ಷದ ಕೊನೆಗೆ ಚಿತ್ರ ಬಿಡುಗಡೆಯಾಯಿತು. ಆಮೇಲೆ ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ಓಣಿಗೊಬ್ಬ ರಾಮಾಚಾರಿ ಹುಟ್ಟಿಕೊಂಡ.

ನಮ್ಮ ಹೊಸದುರ್ಗದಲ್ಲಿ ಒಬ್ಬ ಟೈಲರ್ ಇದ್ದರು. ಪ್ರತಿ ಚಿತ್ರವನ್ನೂ ಎರಡು ಸಲ ನೋಡುತ್ತಿದ್ದರು. ಒಂದು ಸಲ ಕಥೆಗೆ, ಇನ್ನೊಂದು ಸಲ ಕಾಲರಿಗೆ. ಎರಡನೇ ಸಲ ಮುಂದೆ ನೆಲದಲ್ಲೇ ಕೂರೋರು, ಹೊಲಿಗೆ ಹತ್ತಿರದಿಂದ ಕಾಣಲಿ ಅಂತ. ಬೆಲ್ ಬಾಟಮ್ಮಿನ ಅಗಲ ಎಷ್ಟು ಇಂಚು ಅಂತ ಪರದೆ ನೋಡಿಯೇ ಹೇಳ್ತಿದ್ದರು. ನಮ್ಮ ಪಾಲಿನ ಪ್ಯಾರಿಸ್ಸು ಅದೇ, ತಗಡಿನ ಒಂದು ಅಂಗಡಿ.

1978ರಲ್ಲಿ ದ್ವಾರಕೀಶ್ ಅವರ 'ಸಿಂಗಪೂರಿನಲ್ಲಿ ರಾಜಾ ಕುಳ್ಳ' ಬಂತು. ಕನ್ನಡ ಚಿತ್ರ ಪರದೇಶಕ್ಕೆ ಹೋಗಿ ಚಿತ್ರೀಕರಣ ಮಾಡಿದ್ದು ಅದೇ ಮೊದಲು ಅಂತ ಎಲ್ಲರ ಬಾಯಲ್ಲೂ ಮಾತು. ಹೊಳಲ್ಕೆರೆ ಮೇಲೆ ಬಸ್ಸಿನಲ್ಲಿ ದುರ್ಗಕ್ಕೆ ಹೋಗಿ ನೋಡಿ ಬಂದೆ. ಸಮುದ್ರ, ಹಡಗು, ಎತ್ತರದ ಕಟ್ಟಡ! ಅಂಥ ಊರಿನಲ್ಲಿ ತಿರುಗುವವನಿಗೆ ಮೈತುಂಬ ಹೂವಿನ ಷರ್ಟು ಇರಲೇಬೇಕು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸಿಂಗಪುರಕ್ಕೆ ಹೋಗುವುದಂತೂ ದೂರದ ಮಾತು, ಷರ್ಟಾದರೂ ಬೇಡವೇ?

ಆಗ ಮನೆಯ ಟ್ರಂಕಿನಲ್ಲಿ ಒಂದು ಬಟ್ಟೆ ಇತ್ತು. ಹಸಿರು ಬಟ್ಟೆ, ಅದರ ಮೇಲೆ ಅಂಗೈ ಅಗಲದ ಕೆಂಪು ಹೂವು. ಅವ್ವ ಕೊಬ್ಬರಿ ಮಾರಿದ ದುಡ್ಡಲ್ಲಿ 1979ರ ಯುಗಾದಿಗೆ ಅಂತ ತಂಗಿಯ ಲಂಗಕ್ಕೆ ತಂದಿಟ್ಟಿದ್ದು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಕಂಕುಳಲ್ಲಿಟ್ಟುಕೊಂಡು ಟೈಲರ್ ಹತ್ತಿರ ಹೋದೆ.

"ತಮ್ಮಾ, ಇದು ಹೆಣ್ಮಕ್ಕಳ ಬಟ್ಟೆ ಅಲ್ವೇನೋ?"

"ಇಲ್ಲಣ್ಣ, ಸಿಂಗಪುರದಾಗೆ ಗಂಡಸ್ರೇ ಹಾಕ್ಕೊಳ್ಳೋದು."

ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಟೇಪು ತೆಗೆದರು. ಕತ್ತರಿ ಬಿದ್ದ ಮೇಲೆ ಯಾರೇನು ಮಾಡೋಕಾಗುತ್ತೆ?

ಅವ್ವ ಸೌದೆ ಕಡ್ಡಿ ತಗೊಂಡಳು. ತಂಗಿ ಅಳಲಿಲ್ಲ, ಅದೇ ಕಷ್ಟವಾಗಿದ್ದು. "ಬಿಡವ್ವ, ಹಳೇ ಲಂಗದ ಮಡಿಕೆ ಬಿಚ್ಚಿದ್ರೆ ಉದ್ದ ಆಗ್ತೈತೆ" ಅಂದಳು. ಬಿಚ್ಚಿದಳು ಕೂಡಾ. ಮಡಿಕೆ ಇದ್ದ ಕಡೆ ಬಣ್ಣ ಮಾಸಿರಲಿಲ್ಲ, ಉಳಿದದ್ದೆಲ್ಲ ಮಾಸಿತ್ತು. ಹಬ್ಬದ ದಿನ ಅವಳ ಲಂಗದ ಕೆಳಗೆ ಆ ಗಾಢ ಪಟ್ಟಿ ಊರಿಗೆಲ್ಲ ಕಾಣ್ತಿತ್ತು.

ನನ್ನ ಷರ್ಟಿನ ಕಥೆಯೂ ಉದ್ಧಾರವಾಗಲಿಲ್ಲ. ಹೊಳಲ್ಕೆರೆಯಲ್ಲಿ ಒಂದು ಮದುವೆಗೆ ಹಾಕಿಕೊಂಡು ಹೋದೆ. ಕಾಲರು ಎಷ್ಟು ಉದ್ದ ಅಂದರೆ ಗಾಳಿ ಬಂದರೆ ಕೆನ್ನೆಗೆ ಹೊಡೀತಿತ್ತು! ಊಟದ ಪಂಕ್ತಿಯಲ್ಲಿ ಯಾರೋ "ಯಾರ ಲಂಗಾನೋ ಇದು?" ಅಂದರು. ಸಾಲಿಗೆ ಸಾಲೇ ನಕ್ಕಿತು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಅವತ್ತಿನಿಂದ ಷರ್ಟು ಟ್ರಂಕಿನ ತಳ ಸೇರಿತು. ತಂಗಿಗೂ ಇಲ್ಲ, ನನಗೂ ಇಲ್ಲ.

ಬಹಳ ವರ್ಷದ ಮೇಲೆ ಒಂದು ವಿಷಯ ಓದಿದೆ. ಈ ಹೂವಿನ ಷರ್ಟು ಹುಟ್ಟಿದ್ದು ಹವಾಯಿ ದ್ವೀಪದ ಹೊನೊಲುಲು ಪಟ್ಟಣದಲ್ಲಿ, 1930ರ ದಶಕದಲ್ಲಿ. ಅಲ್ಲಿಗೆ ವಲಸೆ ಬಂದವರ ಸಣ್ಣ ಅಂಗಡಿಗಳಲ್ಲಿ, ಜಪಾನಿನ ಕಿಮೋನೋ ಬಟ್ಟೆ ಕತ್ತರಿಸಿ ಪ್ರವಾಸಿಗಳಿಗೆ ಅಂಗಿ ಹೊಲಿದುಕೊಟ್ಟರಂತೆ. ಅಂದರೆ ಅದೂ ಲಂಗದ ಬಟ್ಟೆಯೇ ಅನ್ನಿ! ಓದಿದಾಗ ಹೊಳಲ್ಕೆರೆಯ ಆ ಪಂಕ್ತಿಗೆ ಹೋಗಿ ಎಲ್ಲರಿಗೂ ಓದಿ ಹೇಳಬೇಕು ಅನ್ನಿಸಿತು. ಆದರೆ ತಂಗಿಗೆ ಏನಂತ ಹೇಳೋದು? ಹವಾಯಿಯವರು ಬಟ್ಟೆ ದುಡ್ಡು ಕೊಟ್ಟು ತಂದಿದ್ದರು.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನಮ್ಮ ಮಾರಿಕಣಿವೆ! 1933ರಲ್ಲಿ ಒಮ್ಮೆ ತುಂಬಿ ಹರಿದದ್ದು, ಆಮೇಲೆ 89 ವರ್ಷ ಇಲ್ಲ. ಹಿನ್ನೀರಿನ ಕಡೆ ಹೊಸದುರ್ಗದ ರೈತರ ತೋಟ ಮುಳುಗಿದ ಸಂಕಟ ಒಂದು ಕಡೆ, ಕೋಡಿ ನೋಡಲು ಜಾತ್ರೆ ಇನ್ನೊಂದು ಕಡೆ. ತಂಗಿಯನ್ನು ಕೊಟ್ಟಿರೋದು ಹಿರಿಯೂರಿಗೆ. ಅವಳ ಜೊತೆ ನಾನೂ ಹೋದೆ. ಏನು ಜನ, ಏನು ಬಟ್ಟೆ! ಕರಿ ಕನ್ನಡಕ, ಅರ್ಧ ಚಡ್ಡಿ, ಹುಲ್ಲಿನ ಟೋಪಿ. ಹುಡುಗರೆಲ್ಲ ಮೈತುಂಬ ಹೂವು, ತೆಂಗಿನ ಮರ, ಗಿಳಿ. ಬಯಲುಸೀಮೆಯವನಿಗೆ ಸಮುದ್ರ ತಾನಾಗಿ ಮನೆ ಬಾಗಿಲಿಗೆ ಬಂದ ದಿನ, ಹಾಕ್ಕೊಳ್ಳದೆ ಇರ್ತಾರೆಯೇ? ಯಾವ ಫ್ಯಾಷನ್ ಷೋನಲ್ಲೂ ಅಷ್ಟು ಖುಷಿಯ ಮುಖಗಳನ್ನು ನಾನು ಕಂಡಿಲ್ಲ.

ಹಸಿರು ಷರ್ಟು, ಕೆಂಪು ಹೂವಿನ ಒಬ್ಬ ಹುಡುಗ ಸೆಲ್ಫಿ ತೆಗೀತಾ ನಮ್ಮ ಮುಂದೆ ಹಾದುಹೋದ. ತಂಗಿ ನನ್ನ ತೋಳು ಹಿಡಿದು ಜಗ್ಗಿದಳು.

"ಅಲ್ನೋಡಣ್ಣ, ನನ್ನ ಲಂಗ ಹೋಗ್ತಾ ಐತೆ!"

ನಲವತ್ತಮೂರು ವರ್ಷದಲ್ಲಿ ಅವಳು ಆ ಮಾತು ಎತ್ತಿದ್ದು ಅದೇ ಮೊದಲು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ನಾನು ಕೋಡಿ ಕಡೆ ಮುಖ ತಿರುಗಿಸಿ ನಿಂತೆ.