ಸ್ವಾರಸ್ಯಕ್ಕೆ ಒಂದು ಅಂಕ

ಉತ್ತರ ಪತ್ರಿಕೆಗಳ ಕಟ್ಟು ಮನೆಗೆ ಬಂತೆಂದರೆ ನಮ್ಮ ಊಟದ ಮೇಜಿಗೆ ಒಂದು ವಾರ ರಜೆ. ಯಜಮಾನರಿಗೆ ತಟ್ಟೆ ಹಿಡಿದು ಟಿ.ವಿ. ಮುಂದೆ ಕೂರುವ ಯೋಗ. ಕುಕ್ಕರಿನ ಎರಡು ಸೀಟಿಗಳ ನಡುವೆ ಒಂದು ಪುಟಕ್ಕೆ ಕೆಂಪು ಶಾಯಿಯ ಗೀಟು ಎಳೆದು ಮುಗಿಸುವುದನ್ನು ನಾನು ಇಷ್ಟು ವರ್ಷಗಳಲ್ಲಿ ಕಲಿತುಬಿಟ್ಟಿದ್ದೇನೆ. ಅದೊಂದು ಹೆಮ್ಮೆಯ ವಿಷಯವೆಂದೇ ಮೊನ್ನೆ ಮೊನ್ನೆಯವರೆಗೆ ತಿಳಿದಿದ್ದೆ.

ಕನ್ನಡ ಪತ್ರಿಕೆಯ 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ' ಎಂಬ ಪ್ರಶ್ನೆ ನಿಮಗೂ ನೆನಪಿರಬಹುದು. ಮೂರು ಅಂಕ. ಯಾವ ಪಾಠ, ಬರೆದವರು ಯಾರು ಎಂದು ತಿಳಿಸಿದರೆ ಒಂದು. ಯಾರು ಯಾರಿಗೆ ಯಾವಾಗ ಹೇಳಿದರು ಎಂದರೆ ಇನ್ನೊಂದು. ಉಳಿದದ್ದು ಸ್ವಾರಸ್ಯಕ್ಕೆ. ಮೊದಲಿನ ಎರಡನ್ನು ಮಕ್ಕಳು ಬಾಯಿಪಾಠದ ಬಲದಿಂದ ಗಿಟ್ಟಿಸಿಕೊಳ್ಳುತ್ತಾರೆ. ಮೂರನೆಯದಕ್ಕೆ ಬಂದಾಗ ಮಾತ್ರ ಮುಕ್ಕಾಲು ಮಂದಿಯದು ಒಂದೇ ವಾಕ್ಯ: 'ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿದೆ.' ಪಾಯಸಕ್ಕೆ ಏನೇನು ಹಾಕಿದ್ದೀರಿ ಎಂದರೆ 'ಪಾಯಸ ಚೆನ್ನಾಗಿದೆ' ಎಂದ ಹಾಗೆ! ನಗುವುದಕ್ಕೂ ಬಾಯಿಲ್ಲ, ಏಕೆಂದರೆ ಹಾಗೆ ಬರೆಯುವುದನ್ನು ಕಲಿಸಿದವರು ನಾವೇ.

ಈ ಗೋಳು ತಪ್ಪಲೆಂದು ಒಂದು ವರ್ಷ ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ಪಠ್ಯದಲ್ಲಿಲ್ಲದ ಕಾದಂಬರಿಯಿಂದ ಒಂದು ಪುಟ ಆರಿಸಿ, ಓದಿ ಉತ್ತರಿಸಿ ಎಂದು ಕೊಟ್ಟೆ. ಯಾವ ಗೈಡಿನಲ್ಲೂ ಅದಕ್ಕೆ ಉತ್ತರ ಸಿಗುವುದಿಲ್ಲವಲ್ಲ! ಶಾಲೆಯ ಬೀರುವಿನಲ್ಲಿ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಇತ್ತು. 1976ರಲ್ಲಿ ಬಂದ ಪುಸ್ತಕ. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಒಂದು ದೀರ್ಘ ಬಾಳನ್ನು ಕಳೆದ ಮಲೆನಾಡಿನ ಹೆಂಗಸಿನ ಕಥೆ. ಅದರಲ್ಲಿ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ಕೂದಲು ತೆಗೆಸಿಕೊಳ್ಳಲಾರೆನೆಂದು ಹಟ ಹಿಡಿದಾಗ, ಮಡಿಯೇ ಮೈವೆತ್ತಂತಿದ್ದ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಆ ಭಾಗವನ್ನೇ ಆರಿಸಿದೆ. ಫಣಿಯಮ್ಮ ಹಾಗೆ ನಿಂತದ್ದು ಏಕೆ ಎಂಬುದು ಕೊನೆಯ ಪ್ರಶ್ನೆ. ನನ್ನ ಮಾದರಿ ಉತ್ತರವೂ ಸಿದ್ಧವಿತ್ತು: ಅವಳು ಕರುಣಾಮಯಿ, ವಿಶಾಲ ಮನೋಭಾವದವಳು, ಕಾಲ ಬದಲಾದುದನ್ನು ಅರಿತವಳು. ಮೂರು ಅಂಶ, ಮೂರು ಅಂಕ.

ಹಿಂದಿನ ಬೆಂಚಿನ ಒಬ್ಬ ಹುಡುಗಿ, ವರ್ಷವಿಡೀ ಬಾಯಿ ಬಿಟ್ಟವಳಲ್ಲ, ಒಂದೇ ಸಾಲು ಬರೆದಿದ್ದಳು: 'ಅವಳು ಚಿಕ್ಕವಳಿದ್ದಾಗ ಅವಳ ಪರವಾಗಿ ಯಾರೂ ಹಾಗೆ ಹೇಳಿರಲಿಲ್ಲ, ಅದಕ್ಕೆ.' ನನ್ನ ಮೂರು ಅಂಶಗಳಲ್ಲಿ ಒಂದೂ ಅಲ್ಲಿರಲಿಲ್ಲ. ಒಂದು ಅಂಕ ಕೊಟ್ಟು ಮುಂದಿನ ಪತ್ರಿಕೆ ಎತ್ತಿಕೊಂಡೆ. ಕುಕ್ಕರ್ ಕೂಗುತ್ತಿತ್ತು.

ಪತ್ರಿಕೆ ಹಂಚಿದ ದಿನ ಅವಳು ನನ್ನ ಮೇಜಿನ ಬಳಿ ಬಂದು, "ಟೀಚರ್, ಇದರಲ್ಲಿ ತಪ್ಪು ಎಲ್ಲಿದೆ?" ಎಂದು ಕೇಳಿದಳು.

"ತಪ್ಪು ಅಂತ ಅಲ್ಲಮ್ಮ, ಅಂಶಗಳು ಸಾಲದು. ಬೋರ್ಡಿನ ಮೇಲೆ ಬರೆದಿದ್ದೇನೆ, ನೋಡಿ ಬರೆದುಕೋ" ಎಂದೆ. ಬರೆದುಕೊಂಡಳು. ಅವಳ ಮುಖ ಮಾತ್ರ ಒಪ್ಪಿಕೊಂಡಂತೆ ಕಾಣಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ನಮ್ಮಜ್ಜಿ. ಅಜ್ಜಿಯೆಂದರೆ ತಂದೆಯ ಸೋದರತ್ತೆ, ಹತ್ತು ವರ್ಷ ತುಂಬುವ ಮೊದಲೇ ತೌರಿಗೆ ಹಿಂದಿರುಗಿದವರು. ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆಳೆದುಕೊಂಡು, ಒಪ್ಪೊತ್ತು ಉಂಡು, ಎಪ್ಪತ್ತು ವರ್ಷ ಆ ಮನೆಯ ಒಲೆ ಉರಿಸಿದವರು. ನಾನು ಪಿ.ಯು.ಸಿ. ಮುಗಿಸಿದಾಗ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಅಪ್ಪ ಒಪ್ಪಿಯೂ ಬಿಟ್ಟಿದ್ದರು, ಅಮ್ಮನದು ಎಂದಿನ ಮೌನ. ಅಜ್ಜಿ ಅಡಿಗೆಮನೆಯ ಹೊಸ್ತಿಲ ಆಚೆ ನಿಂತುಕೊಂಡೇ, "ಅವಳು ಓದಲಿ ಬಿಡೋ, ಮದುವೆ ಎಲ್ಲಿಗೆ ಓಡಿಹೋಗುತ್ತೆ?" ಎಂದರು. ಗಂಡಸರ ಮಾತಿನ ನಡುವೆ ಅವರು ಬಾಯಿ ಹಾಕಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅಪ್ಪ ಮರುಮಾತಾಡಲಿಲ್ಲ. ನಾನು ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ಈ ಕೆಂಪು ಪೆನ್ನು ಕೈಗೆ ಬಂತು.

ಅಜ್ಜಿಯದು ದೊಡ್ಡ ಮನಸ್ಸು ಎಂದು ಮನೆಯವರೆಲ್ಲ ಹೇಳುತ್ತಿದ್ದರು, ನಾನೂ ನೂರು ಸಲ ಹೇಳಿದ್ದೇನೆ. ವಿಶಾಲ ಮನೋಭಾವ, ಒಂದು ಅಂಕ! ಆ ಪುಟ್ಟ ಹುಡುಗಿಯನ್ನು ಹಜಾಮನ ಮುಂದೆ ಕೂರಿಸಿದ ದಿನ, ಅದೇ ಹೊಸ್ತಿಲ ಆಚೆ ಎಷ್ಟು ಜನ ಹೆಂಗಸರು ನಿಂತಿದ್ದರೋ! ಒಬ್ಬರಾದರೂ ಬೇಡ ಎಂದಿದ್ದರೆ? ಇಪ್ಪತ್ತು ವರ್ಷ ಅವರ ಕೈತುತ್ತು ತಿಂದ ನನಗೆ ಇದನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಒಂದು ಪುಟ ಓದಿದ್ದರಲ್ಲೇ ಹೊಳೆಯಿತು.

ಮರುದಿನ ಅವಳನ್ನು ಕರೆದು, ಒಂದನ್ನು ಹೊಡೆದು ಎರಡು ಮಾಡಿದೆ. "ನಿನ್ನ ಉತ್ತರ ನನ್ನದಕ್ಕಿಂತ ಚೆನ್ನಾಗಿದೆ. ಆದರೆ ನಿನಗೆ ಹಾಗೆ ಅನ್ನಿಸಿದ್ದು ಯಾವ ಮಾತಿನಿಂದ ಅಂತ ತೋರಿಸಿಲ್ಲ. ಮೂರನೆಯ ಅಂಕ ಅದಕ್ಕೆ" ಎಂದೆ. ಅವಳು ಪ್ರಶ್ನೆಪತ್ರಿಕೆಯನ್ನು ಬಿಡಿಸಿ, ಸ್ವಲ್ಪ ಹೊತ್ತು ಓದಿ, ಒಂದು ಕಡೆ ಬೆರಳಿಟ್ಟಳು. ಮೂರು ಸಲ ಓದಿ ಆರಿಸಿದ್ದ ಪುಟದಲ್ಲಿ ನಾನು ಹಾರಿಸಿಕೊಂಡು ಹೋಗಿದ್ದ ಸಾಲು ಅದು. ಮೂರು ಎಂದು ಬರೆದೆ. ಅವಳಿಗೆ ಅದು ಹೇಗೆ ಹೊಳೆಯಿತೆಂದು ನಾನು ಕೇಳಲಿಲ್ಲ. ಅವಳ ಮನೆಯ ಹೊಸ್ತಿಲ ಸುದ್ದಿ ನನಗೇನು ಗೊತ್ತು?

ಅಂದಿನಿಂದ ತರಗತಿಯಲ್ಲಿ ಮೊದಲು ಪುಸ್ತಕ ಮುಚ್ಚಿಸಿ 'ನಿಮಗೇನನ್ನಿಸಿತು?' ಎಂದು ಕೇಳುತ್ತೇನೆ. ಆಮೇಲೆ ಪುಸ್ತಕ ತೆರೆಸಿ 'ಯಾವ ಪದದಿಂದ ಹಾಗನ್ನಿಸಿತು?' ಎನ್ನುತ್ತೇನೆ. ಬರಿಯ ಅನಿಸಿಕೆ ಗಾಳಿಮಾತಾಗುತ್ತದೆ. ಬರಿಯ ಪದಗಳಾದರೆ ಮತ್ತೆ ಅದೇ 'ಸ್ವಾರಸ್ಯಪೂರ್ಣವಾಗಿದೆ'. ಪಬ್ಲಿಕ್ ಪರೀಕ್ಷೆಯಲ್ಲಿ ನನ್ನಂಥವಳೇ ಒಬ್ಬಳು ಅವಸರದಲ್ಲಿ ತಿದ್ದಬಹುದೆಂಬ ಹೆದರಿಕೆ ಇದ್ದೇ ಇದೆ. ಅದಕ್ಕೇ ಅಂಶಗಳನ್ನೂ ಬರೆಯಿರಿ, ಜೊತೆಗೆ ನಿಮ್ಮದೊಂದು ಸಾಲನ್ನೂ ಬಿಡಬೇಡಿ ಎಂದು ಹೇಳಿ ಕಳಿಸುತ್ತೇನೆ.

ಈ ಸಲದ ಕಟ್ಟು ನಿನ್ನೆ ಬಂತು. ಅಡಿಗೆ ಮುಗಿಸಿ, ಕುಕ್ಕರ್ ಇಳಿಸಿಟ್ಟೇ ಕೂತಿದ್ದೇನೆ.